ಕಾನೂನೂ ಬೇಕು, ಲೆಕ್ಕವೂ ಬೇಕು

(ಘೋಡಬಂದರ್ ರಸ್ತೆಯ ಹೋಟೆಲು ಕೆಲಸಗಾರರ ವಿದ್ಯಾರ್ಥಿ ಸಹಾಯ ನಿಧಿಯ ಸಭೆಯಲ್ಲಿ ಮಾಡಿದ ಭಾಷಣ)



ರಾತ್ರಿ ಗಲ್ಲೆ ಮುಚ್ಚಿ, ಭಟ್ಟಿ ಆರಿಸಿ, ನಿದ್ದೆಗೆಟ್ಟು ತಾವು ಈ ಸಭೆಗೆ ಬಂದಿದ್ದೀರಿ. ಕಾಪುರ್‌ಬಾವ್ಡಿಯಿಂದ ಗಾಯಮುಖದವರೆಗಿನ ಹೋಟೆಲುಗಳವರು ಇಲ್ಲಿದ್ದಾರೆ. ಗಿರಣಿಗಳಲ್ಲಿ ದುಡಿದು ಈಗ ಮಕ್ಕಳ ಮನೆಯಲ್ಲಿರುವ ಹಿರಿಯರೂ ಬಂದಿದ್ದಾರೆ. ಬೆಳಿಗ್ಗೆ ಐದಕ್ಕೆ ಇಡ್ಲಿ ಹಂಡೆ ಏರಿಸಬೇಕಾದವರ ಹೊತ್ತನ್ನು ವ್ಯರ್ಥ ಮಾಡುವುದು ಸರಿಯಲ್ಲ. ಆದುದರಿಂದ ನೇರವಾಗಿ ವಿಷಯಕ್ಕೆ ಬರುತ್ತೇವೆ.

ಸಭೆಯ ಮುಂದಿರುವ ಪ್ರಶ್ನೆ ಇಷ್ಟೇ. ನಮ್ಮಲ್ಲೊಬ್ಬ ದೋಸೆ ಭಟ್ಟಿಯವರ ಮಗಳು ಹನ್ನೆರಡನೆಯ ತರಗತಿ ಪಾಸಾಗಿದ್ದಾಳೆ. ಕಾನೂನು ಮತ್ತು ವ್ಯವಹಾರ ಶಾಸ್ತ್ರ ಎರಡನ್ನೂ ಒಟ್ಟಿಗೆ ಕಲಿಸುವ ಐದು ವರ್ಷದ ಪದವಿಗೆ ಸೇರಬೇಕೆಂಬುದು ಅವಳ ಆಸೆ. ನಿಧಿಯಿಂದ ಸಹಾಯ ಕೇಳಿದ್ದಾಳೆ. ಕಾರ್ಯಕಾರಿ ಸಮಿತಿಯಲ್ಲಿ ಎರಡು ಅಭಿಪ್ರಾಯಗಳಾದವು. ಐದು ವರ್ಷ ಒಬ್ಬಳಿಗೆ ಕೊಡುವ ಹಣದಲ್ಲಿ ಹತ್ತು ಹುಡುಗರಿಗೆ ಪುಸ್ತಕ ಕೊಡಿಸಬಹುದೆಂದು ಕೆಲವರು ಹೇಳಿದರು. ಇಂಥ ವಿದ್ಯೆ ಕಲಿತವರು ಕಡೆಗೆ ಸೇಟುಗಳ ಕಡೆಗೇ ಹೋಗುತ್ತಾರೆಂದು ಇನ್ನು ಕೆಲವರು ಹೇಳಿದರು. ಎರಡೂ ಮಾತಿನಲ್ಲಿ ಹುರುಳಿದೆ. ಎರಡಕ್ಕೂ ಉತ್ತರ ಕೊಡುತ್ತೇವೆ. ತೀರ್ಮಾನ ತಮ್ಮದು.

ಮೊದಲು ಈ ಪದವಿ ಏನೆಂದು ತಿಳಿಯೋಣ. ಬಿ.ಬಿ.ಎ. ಎಂದರೆ ವ್ಯವಹಾರ ನಡೆಸುವ ವಿದ್ಯೆ. ಅದರಲ್ಲಿ ಜಮಾಖರ್ಚು, ಬಂಡವಾಳ, ಮಾರುಕಟ್ಟೆ, ಆಡಳಿತ ಎಲ್ಲವೂ ಸೇರಿದೆ. ಎಲ್‌ಎಲ್.ಬಿ. ಎಂದರೆ ಕಾನೂನು. ಮೊದಲು ಮೂರು ವರ್ಷ ಬಿ.ಕಾಂ. ಇಲ್ಲವೆ ಬೇರೊಂದು ಪದವಿ ಮುಗಿಸಿ, ಆಮೇಲೆ ಮೂರು ವರ್ಷ ಕಾನೂನು ಓದಿದರೆ ಆರು ವರ್ಷವಾಗುತ್ತದೆ. ಎರಡನ್ನೂ ಕೂಡಿಸಿ ಓದಿದರೆ ಐದು ವರ್ಷ. ಅಮೆರಿಕದಲ್ಲಿ ಪದವಿ ಮುಗಿದ ಮೇಲೆ ಮೂರು ವರ್ಷದ ಕಾನೂನನ್ನೂ ಎರಡು ವರ್ಷದ ಎಂ.ಬಿ.ಎ.ಯನ್ನೂ ಬೆಸೆದು ನಾಲ್ಕು ವರ್ಷದಲ್ಲಿ ಮುಗಿಸುವ ವ್ಯವಸ್ಥೆಯಿದೆ. ನಮ್ಮ ದೇಶದಲ್ಲಿ ಐದು ವರ್ಷದ ಕಾನೂನು ಶಿಕ್ಷಣಕ್ಕೆ ಹೆಸರು ತಂದುದು ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆ. ಅದರ ಮೊದಲ ತಂಡ ಸೇರಿದ್ದು ೧೯೮೮ರಲ್ಲಿ. ಹುಬ್ಬಳ್ಳಿಯಲ್ಲಿ ೨೦೦೯ರಲ್ಲಿ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯವೇ ಆಯಿತು. ಊರಿನಲ್ಲಿ ಅಜ್ಜಿಯ ಮನೆಯಲ್ಲಿದ್ದು ಓದುವ ಮಕ್ಕಳಿಗೆ ಆ ದಾರಿಯೂ ತೆರೆದಿದೆ.

ಅಷ್ಟು ದೂರ ಹೋಗುವುದೇಕೆ? ಇದೇ ಘೋಡಬಂದರ್ ರಸ್ತೆಯ ಮಗ್ಗುಲಲ್ಲಿ, ಬಾಳ್ಕುಮ್‌ನಲ್ಲಿ, ಮುಂಬಯಿ ವಿಶ್ವವಿದ್ಯಾಲಯದ ಠಾಣೆ ಉಪಕೇಂದ್ರವಿದೆ. ಅಲ್ಲಿ ಈ ಐದು ವರ್ಷದ ಬಿ.ಬಿ.ಎ. ಎಲ್‌ಎಲ್.ಬಿ. ಕಲಿಸುತ್ತಾರೆ. ನಮ್ಮ ಹುಡುಗರು ಪಾರ್ಸೆಲ್ ಹಿಡಿದು ಆ ಗೇಟಿನ ಮುಂದಿನಿಂದ ದಿನಕ್ಕೆ ನಾಲ್ಕು ಸಲ ಹಾದುಹೋಗುತ್ತಾರೆ. ಗೇಟಿನ ಒಳಗೆ ಏನಿದೆಯೆಂದು ಅವರಲ್ಲಿ ಎಷ್ಟು ಮಂದಿಗೆ ಗೊತ್ತು? ಒಂದು ಕಾಲಕ್ಕೆ ಕುದುರೆಗಳು ಹಡಗಿನಿಂದ ಇಳಿಯುತ್ತಿದ್ದವೆಂದು ಈ ದಾರಿಗೆ ಘೋಡಬಂದರ್ ಎಂಬ ಹೆಸರು ಬಂತು. ಆ ಕುದುರೆಗಳಿಗೆ ಹುಲ್ಲು ಹೊತ್ತವರ ಹೆಸರು ಯಾವ ದಾಖಲೆಯಲ್ಲೂ ಇಲ್ಲ. ನಮ್ಮ ಮಕ್ಕಳ ಕಾಲಕ್ಕಾದರೂ ಅದು ಬದಲಾಗಬೇಕು.

ಇನ್ನು, ಕಾನೂನಿನ ಜೊತೆಗೆ ವ್ಯವಹಾರವೇಕೆ ಎಂದು ಕೇಳಬಹುದು. ಒಂದು ಲೆಕ್ಕ ಹೇಳುತ್ತೇವೆ. ಒಬ್ಬ ಅಡುಗೆಯವನ ಸಂಬಳ ತಿಂಗಳಿಗೆ ೧೩,೦೦೦ ರೂಪಾಯಿ. ಎಂಟು ವರ್ಷ ದುಡಿದು ಊರಿಗೆ ಹೊರಟಿದ್ದಾನೆ. ಗ್ರಾಚ್ಯುಟಿ ಎಷ್ಟು ಬರಬೇಕು? ಕಾಯಿದೆಯ ಪ್ರಕಾರ ತಿಂಗಳ ಸಂಬಳವನ್ನು ೨೬ರಿಂದ ಭಾಗಿಸಬೇಕು, ೫೦೦ ಬಂತು. ಅದನ್ನು ೧೫ರಿಂದ ಗುಣಿಸಬೇಕು, ೭,೫೦೦ ಆಯಿತು. ಅದು ಒಂದು ವರ್ಷದ ಬಾಬ್ತು. ಎಂಟು ವರ್ಷಕ್ಕೆ ೬೦,೦೦೦ ರೂಪಾಯಿ. ಇದಕ್ಕೆ ಬೇಕಾದುದು ನಾವು ಕಲಿತ ಏಳನೆಯ ತರಗತಿಯ ಭಾಗಾಕಾರ, ಗುಣಾಕಾರ ಅಷ್ಟೆ. ಆದರೂ ನಮ್ಮವರು ಹತ್ತು ಸಾವಿರ ಕೈಗೆ ಬಂದರೆ ಸಾಕೆಂದು ಸಹಿ ಹಾಕಿ ಬಸ್ಸು ಹತ್ತುತ್ತಾರೆ.

ಕಾನೂನು ಗೊತ್ತಿದ್ದರೆ ಸಾಕೇ? ಸಾಲದು. ಕೆಲವು ವರ್ಷಗಳ ಹಿಂದೆ ನಾವು ನಡೆಸಿದ ಒಂದು ತಕರಾರನ್ನು ಕೇಳಿ. ಹೋಟೆಲಿನ ಹೆಸರು ಬೇಡ. ಅಲ್ಲಿ ಇಪ್ಪತ್ತಕ್ಕಿಂತ ಹೆಚ್ಚು ಮಂದಿ ದುಡಿಯುತ್ತಿದ್ದರು. ಹನ್ನೊಂದು ವರ್ಷ ಮೋರಿಯಲ್ಲೂ ಟೇಬಲಿನಲ್ಲೂ ದುಡಿದ ಒಬ್ಬರನ್ನು ಕೆಲಸದಿಂದ ತೆಗೆದರು. ಗ್ರಾಚ್ಯುಟಿ ಕೇಳಿದೆವು. ಹತ್ತು ಜನರಿಗಿಂತ ಕಡಿಮೆಯಿರುವ ಕಡೆ ಆ ಕಾಯಿದೆ ತಗಲುವುದಿಲ್ಲ ಎಂಬ ಉತ್ತರ ಬಂತು. ಕಾಗದ ತೆಗೆದು ತೋರಿಸಿದರು. ಅಡುಗೆಮನೆ ಒಬ್ಬರ ಹೆಸರಿನಲ್ಲಿ, ಹಾಲ್ ಇನ್ನೊಬ್ಬರ ಹೆಸರಿನಲ್ಲಿ, ಪಾರ್ಸೆಲ್ ಕಟ್ಟೆ ಮೂರನೆಯವರ ಹೆಸರಿನಲ್ಲಿ! ಕಂಡಕ್ಟಿಂಗ್ ಮೇಲೆ ನಡೆಯುತ್ತಿದೆಯೆಂದು ಕರಾರು ಬೇರೆ. ಒಂದೇ ಬಾಗಿಲು, ಒಂದೇ ಗಲ್ಲೆ, ಮೂರು ಯಜಮಾನರು. ಯಾವ ಒಬ್ಬರ ಕೈಕೆಳಗೂ ಹತ್ತು ಜನರಿಲ್ಲ.

ನಮ್ಮ ಜೊತೆಗಿದ್ದ ಯುವಕ ವಕೀಲರು ಕಲಮುಗಳನ್ನು ಚೆನ್ನಾಗಿ ಬಲ್ಲವರು; ಆದರೆ ಈ ಕಾಗದದ ಕೋಟೆಯ ಮುಂದೆ ಅವರಿಗೂ ದಾರಿ ಕಾಣಲಿಲ್ಲ. ಆಗ ಹಿಂದೊಮ್ಮೆ ಹೋಟೆಲಿನಲ್ಲೇ ದುಡಿಯುತ್ತ ಬಿ.ಕಾಂ. ಮುಗಿಸಿ, ಆಮೇಲೆ ಕಾನೂನೂ ಓದಿದ ನಮ್ಮ ಒಬ್ಬ ಗೆಳೆಯರನ್ನು ಕರೆಸಿದೆವು. ಅವರು ಕಲಮು ಕೇಳಲಿಲ್ಲ. 'ಆ ಹೋಟೆಲಿನ ಒಂದು ಬಿಲ್ಲು ಇದ್ದರೆ ಕೊಡಿ' ಎಂದರು. ೨೦೨೨ರ ಜನವರಿ ೧ರಿಂದ ಹೋಟೆಲಿನ ಬಿಲ್ಲಿನ ಮೇಲೆ ಆಹಾರ ಲೈಸೆನ್ಸಿನ ಹದಿನಾಲ್ಕು ಅಂಕೆಯ ನಂಬರು ಇರಲೇಬೇಕು. ಜಿ.ಎಸ್.ಟಿ. ನಂಬರೂ ಇರುತ್ತದೆ. ಇಡ್ಲಿ ತಿಂದ ಬಿಲ್ಲಿಗೂ, ಪಾರ್ಸೆಲಿನ ಬಿಲ್ಲಿಗೂ ನಂಬರು ಒಂದೇ. ತೆರಿಗೆ ಕಟ್ಟುವಾಗ ಒಂದೇ ಹೋಟೆಲು, ಸಂಬಳ ಕೊಡುವಾಗ ಮೂರು ಹೋಟೆಲು! ಆ ಎರಡು ಬಿಲ್ಲುಗಳನ್ನು ಅಧಿಕಾರಿಗಳ ಮೇಜಿನ ಮೇಲೆ ಇಟ್ಟ ನಂತರ ಮಾತುಕತೆಯ ಧಾಟಿಯೇ ಬೇರೆಯಾಯಿತು. ಆ ಮನುಷ್ಯರು ಪೂರಾ ಹಣ ಪಡೆದು ಊರಿಗೆ ಹೋದರು.

ಬಂಧುಗಳೇ, ಆ ಬಿಲ್ಲನ್ನು ನಮ್ಮ ಹುಡುಗರು ದಿನಕ್ಕೆ ಇನ್ನೂರು ಸಲ ಹರಿದು ಗಿರಾಕಿಗಳ ಕೈಗೆ ಕೊಡುತ್ತಿದ್ದರು. ಅದರಲ್ಲಿ ತಮ್ಮ ಹನ್ನೊಂದು ವರ್ಷದ ದುಡಿಮೆಯ ಸಾಕ್ಷಿ ಇದೆಯೆಂದು ಯಾರಿಗೂ ಗೊತ್ತಿರಲಿಲ್ಲ. ಕಾನೂನನ್ನೂ ಲೆಕ್ಕವನ್ನೂ ಒಬ್ಬರೇ ಬಲ್ಲವರಾದ ಕಾರಣ ಅದು ಕಣ್ಣಿಗೆ ಬಿತ್ತು.

ಇದು ಹೊಸ ಮಾತಲ್ಲ. ನಮ್ಮ ಕರಾವಳಿಯವರಿಗೆ ಅಮ್ಮೆಂಬಳ ಸುಬ್ಬರಾವ್ ಪೈಗಳ ಹೆಸರು ಗೊತ್ತಿದೆ. ಅವರು ಮಂಗಳೂರಿನಲ್ಲಿ ವಕೀಲರಾಗಿದ್ದವರು. ೧೮೯೧ರಲ್ಲಿ ಕೆನರಾ ಹೈಸ್ಕೂಲು ತೆರೆದರು. ೧೯೦೬ರಲ್ಲಿ ಒಂದು ಪರ್ಮನೆಂಟ್ ಫಂಡು ಆರಂಭಿಸಿದರು. ಅದೇ ಮುಂದೆ ಕೆನರಾ ಬ್ಯಾಂಕಾಯಿತು. ಕೋರ್ಟಿನಲ್ಲಿ ವಾದಿಸುವ ಬುದ್ಧಿಯೂ ಹಣವನ್ನು ಕೂಡಿಹಾಕುವ ಬುದ್ಧಿಯೂ ಒಂದೇ ತಲೆಯಲ್ಲಿ ಸೇರಿದಾಗ ಒಂದು ಜಿಲ್ಲೆಗೇ ಆಸರೆಯಾಯಿತು.

ಇನ್ನೂ ದೊಡ್ಡ ನಿದರ್ಶನ ಬಾಬಾಸಾಹೇಬ್ ಅಂಬೇಡ್ಕರರದು. ಪರೇಲಿನ ಬಿ.ಐ.ಟಿ. ಚಾಳಿನಲ್ಲಿ, ಗಿರಣಿ ಕಾರ್ಮಿಕರ ನಡುವೆ ಬಾಳಿದವರು ಅವರು. ೧೯೧೬ರಲ್ಲಿ ಲಂಡನ್ನಿಗೆ ಹೋದಾಗ ಅರ್ಥಶಾಸ್ತ್ರ ಕಲಿಯಲು ಒಂದು ಕಡೆ, ಬ್ಯಾರಿಸ್ಟರಾಗಲು ಇನ್ನೊಂದು ಕಡೆ, ಎರಡೂ ಕಡೆ ಹೆಸರು ಬರೆಸಿದರು. ದುಡ್ಡು ಸಾಲದೆ ನಡುವೆ ಹಿಂದಿರುಗಿ ಬಂದು, ಸಿಡೆನ್‌ಹ್ಯಾಂ ಕಾಮರ್ಸ್ ಕಾಲೇಜಿನಲ್ಲಿ ಪಾಠ ಹೇಳಿ ಹಣ ಕೂಡಿಸಿ, ಮತ್ತೆ ಹೋಗಿ ೧೯೨೩ರ ಹೊತ್ತಿಗೆ ಎರಡನ್ನೂ ಮುಗಿಸಿದರು. ವೈಸರಾಯ್ ಮಂಡಲದಲ್ಲಿ ೧೯೪೨ರಿಂದ ೧೯೪೬ರವರೆಗೆ ಕಾರ್ಮಿಕ ಖಾತೆ ಅವರ ಕೈಯಲ್ಲಿತ್ತು. ಕಾರ್ಖಾನೆಯ ವಾರದ ದುಡಿಮೆ ೫೪ ಗಂಟೆಯಿಂದ ೪೮ ಗಂಟೆಗೆ ಇಳಿದದ್ದು ೧೯೪೬ರ ತಿದ್ದುಪಡಿಯಿಂದ. ಅದೇ ವರ್ಷ ಅವರ ಸಂಸ್ಥೆ ಮುಂಬಯಿಯಲ್ಲಿ ಸಿದ್ಧಾರ್ಥ ಕಾಲೇಜನ್ನು ಆರಂಭಿಸಿತು. ಹಗಲು ನೌಕರಿ ಮಾಡುವವರು ಓದಲೆಂದು ಅಲ್ಲಿ ಬೆಳಗಿನ ಹೊತ್ತು ತರಗತಿ ನಡೆಸಿದರು. ನಿಧಿಯ ಹಣದ ಬಗ್ಗೆ ಮಾತಾಡುವಾಗ ಇದನ್ನು ಮನಸ್ಸಿನಲ್ಲಿಡಿ.

ಪದವಿ ಇಲ್ಲದವರು ಏನೂ ಮಾಡಲಾರರೆಂದು ನಾವು ಹೇಳುತ್ತಿಲ್ಲ. ಇದೇ ಠಾಣೆಯಲ್ಲಿ ಹುಟ್ಟಿದ ನಾರಾಯಣ ಮೇಘಾಜಿ ಲೋಖಂಡೆಯವರು ಗಿರಣಿಯ ಉಗ್ರಾಣ ನೋಡಿಕೊಂಡವರು. ೧೮೮೪ರಲ್ಲಿ ಗಿರಣಿ ಕಾರ್ಮಿಕರ ಸಂಘ ಕಟ್ಟಿದರು. ೧೮೯೦ರ ಜೂನ್ ೧೦ರಂದು ಭಾನುವಾರದ ರಜೆಯನ್ನು ಗಳಿಸಿಕೊಟ್ಟರು. ೧೯೪೭ರ ಕೈಗಾರಿಕಾ ವಿವಾದ ಕಾಯಿದೆಯಲ್ಲಿ ಯೂನಿಯನ್ನಿನ ಪದಾಧಿಕಾರಿ ಕಾರ್ಮಿಕನ ಪರವಾಗಿ ತಾನೇ ನಿಂತು ಮಾತಾಡಬಹುದಿತ್ತು. ವಕೀಲರು ಬರಬೇಕಾದರೆ ಎದುರು ಪಕ್ಷದ ಒಪ್ಪಿಗೆಯೂ ನ್ಯಾಯಾಲಯದ ಅನುಮತಿಯೂ ಬೇಕಿತ್ತು. ೨೦೨೫ರ ನವೆಂಬರ್ ೨೧ರಂದು ಕೇಂದ್ರ ಸರ್ಕಾರ ಜಾರಿಗೆ ತಂದ ಹೊಸ ಸಂಹಿತೆಯಲ್ಲೂ ಆ ಪದ್ಧತಿ ಉಳಿದಿದೆ. ಏಳನೆಯ ತರಗತಿಗೆ ಪುಸ್ತಕ ಮುಚ್ಚಿದ ನಾವೇ ಎಷ್ಟೋ ಸಲ ಅಧಿಕಾರಿಗಳ ಮುಂದೆ ನಿಂತಿದ್ದೇವೆ. ಆದರೆ ತಕರಾರು ಹೈಕೋರ್ಟಿಗೆ ಹೋದ ದಿನ ನಮ್ಮ ಬಾಯಿ ಕಟ್ಟಿತು. ಅಲ್ಲಿ ಸನ್ನದಿಲ್ಲದವನ ಮಾತು ನಡೆಯುವುದಿಲ್ಲ. ಅದೂ ಅಲ್ಲದೆ ಇಪ್ಪತ್ತೊಂಬತ್ತು ಹಳೆಯ ಕೇಂದ್ರ ಕಾಯಿದೆಗಳು ನಾಲ್ಕು ಸಂಹಿತೆಗಳಾಗಿವೆ. ಅವನ್ನು ಓದಿ ನಮಗೆ ಬಿಡಿಸಿ ಹೇಳುವವರು ಬೇಡವೇ?

ವ್ಯವಹಾರದ ವಿದ್ಯೆ ಕಾರ್ಮಿಕನಿಗೇಕೆ, ಅದು ಮಾಲಿಕನ ವಿದ್ಯೆಯಲ್ಲವೇ ಎಂದು ಸಮಿತಿಯಲ್ಲಿ ಒಬ್ಬ ಹಿರಿಯರು ಕೇಳಿದರು. ಅವರಿಗೆ ಎರಡು ಉದಾಹರಣೆ ಕೊಡುತ್ತೇವೆ. ಐವತ್ತರ ದಶಕದಲ್ಲಿ ಕಾಫಿ ಬೋರ್ಡು ತನ್ನ ಕಾಫಿ ಹೌಸುಗಳನ್ನು ಮುಚ್ಚಲು ಹೊರಟು ಕೆಲಸಗಾರರನ್ನು ತೆಗೆಯಿತು. ಎ. ಕೆ. ಗೋಪಾಲನ್ ಅವರ ಮುಂದಾಳುತನದಲ್ಲಿ ಆ ಸಪ್ಲಾಯರರೂ ಅಡುಗೆಯವರೂ ಸಹಕಾರ ಸಂಘ ಕಟ್ಟಿದರು. ಮೊದಲನೆಯದು ೧೯೫೭ರ ಆಗಸ್ಟ್ ೧೯ರಂದು ನಮ್ಮ ಬೆಂಗಳೂರಿನಲ್ಲೇ ಆಯಿತು. ಅವರ ಇಂಡಿಯನ್ ಕಾಫಿ ಹೌಸುಗಳು ದೇಶದ ಹಲವು ಊರುಗಳಲ್ಲಿ ಇಂದಿಗೂ ನಡೆಯುತ್ತಿವೆ. ತಟ್ಟೆ ಎತ್ತುವವರೇ ಹೋಟೆಲು ನಡೆಸಬಲ್ಲರೆಂದು ಅವರು ತೋರಿಸಿದರು.

ಎರಡನೆಯದು ಕುರ್ಲಾದ ಕಮಾನಿ ಟ್ಯೂಬ್ಸ್ ಕಾರ್ಖಾನೆ. ೧೯೮೫ರಲ್ಲಿ ಅದು ಮುಚ್ಚಿತು. ಕಾರ್ಮಿಕರು ತಾವೇ ಸಹಕಾರ ಸಂಘ ಕಟ್ಟಿ ನಡೆಸುತ್ತೇವೆಂದು ಹೊರಟರು. ೧೯೮೮ರಲ್ಲಿ ಸುಪ್ರೀಂ ಕೋರ್ಟು ಅವರ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಅದು ಕಾನೂನಿನ ದೊಡ್ಡ ಗೆಲುವು. ಕಾರ್ಖಾನೆ ತೆರೆಯಿತು, ಕೆಲವು ವರ್ಷ ನಡೆಯಿತು. ಆಮೇಲೆ ವ್ಯವಹಾರ ಇಳಿಮುಖವಾಯಿತು. ಕೋರ್ಟಿನಲ್ಲಿ ಗೆದ್ದುದನ್ನು ಮಾರುಕಟ್ಟೆಯಲ್ಲಿ ಉಳಿಸಿಕೊಳ್ಳುವುದು ಬೇರೆಯೇ ವಿದ್ಯೆ. ೧೯೮೨ರ ಜನವರಿ ೧೮ರಂದು ಸುಮಾರು ಎರಡೂವರೆ ಲಕ್ಷ ಗಿರಣಿ ಕಾರ್ಮಿಕರು ಮುಷ್ಕರ ಹೂಡಿದ ಕಾಲದ ಹಿರಿಯರು ಇಲ್ಲಿ ಕೂತಿದ್ದಾರೆ. ಗಿರಣಿ ನಷ್ಟದಲ್ಲಿದೆ ಎಂದು ಮಾಲಿಕರು ಹೇಳಿದಾಗ, ಆ ಲೆಕ್ಕದ ಪುಸ್ತಕವನ್ನು ಓದಬಲ್ಲವರು ನಮ್ಮಲ್ಲಿ ಎಷ್ಟು ಜನ ಇದ್ದರು? ಅವರೇ ಹೇಳಲಿ.

ಈಗ ಆಕ್ಷೇಪಗಳಿಗೆ ಬರೋಣ. ಓದಿದ ಮಕ್ಕಳು ಸೇಟುಗಳ ಕಡೆ ಹೋಗುತ್ತಾರೆಂಬುದು ಮೊದಲನೆಯದು. ಕೆಲವರು ಹೋಗಿಯೇ ಹೋಗುತ್ತಾರೆ. ಈ ಎರಡು ವಿದ್ಯೆ ಬಲ್ಲವರಿಗೆ ಕಂಪನಿಗಳಲ್ಲಿ ಒಳ್ಳೆಯ ಬೇಡಿಕೆಯಿದೆ. ಹೆತ್ತವರ ಸಾಲ ತೀರಿಸಬೇಕಾದ ಮಗುವಿಗೆ ದೊಡ್ಡ ಸಂಬಳ ಬೇಡವೆನ್ನಲು ನಮಗೆ ಬಾಯಿ ಬರುವುದಿಲ್ಲ. ಆದರೆ ಇಂದು ಎಲ್ಲ ವಕೀಲರೂ ಎಲ್ಲ ಲೆಕ್ಕಿಗರೂ ಬೇರೆ ಮನೆಗಳಿಂದಲೇ ಬರುತ್ತಿದ್ದಾರಲ್ಲ! ಹತ್ತು ಮಂದಿ ನಮ್ಮ ಮಕ್ಕಳು ಓದಿದರೆ ಎಂಟು ಮಂದಿ ಕಂಪನಿಗೆ ಹೋಗಲಿ, ಇಬ್ಬರು ನಮ್ಮ ಬಳಿ ಕೂರುತ್ತಾರೆ. ಒಬ್ಬರನ್ನೂ ಓದಿಸದಿದ್ದರೆ ಇಬ್ಬರು ಎಲ್ಲಿಂದ ಬಂದಾರು? ಅದೂ ಅಲ್ಲದೆ, ಮಾಲಿಕರ ಪರವಾಗಿ ಸಂಬಳದ ಪಟ್ಟಿ ಮಾಡುವ ಮೇಜಿನಲ್ಲಿ ಮೋರಿಯ ನೀರಿನಲ್ಲಿ ಬೆರಳು ಬಿರಿದ ತಂದೆಯ ಮಗಳೊಬ್ಬಳು ಕೂತಿದ್ದರೆ ನಮಗೇನು ನಷ್ಟ?

ಎರಡನೆಯದು, ಓದಿ ಮುಗಿಸಿ ಸನ್ನದೂ ಪಡೆದು ಹೋಟೆಲನ್ನೂ ನಡೆಸಬಹುದೆಂಬ ಆಸೆ ಕೆಲವರಿಗಿದೆ. ಇದನ್ನು ಸ್ಪಷ್ಟವಾಗಿ ತಿಳಿದಿರಬೇಕು. ವಕೀಲರ ಪರಿಷತ್ತಿನ ನಿಯಮದಂತೆ ಸನ್ನದು ಹಿಡಿದು ವಕೀಲಿ ಮಾಡುವವನು ತಾನೇ ಗಲ್ಲೆಯಲ್ಲಿ ಕೂತು ವ್ಯಾಪಾರ ಮಾಡುವಂತಿಲ್ಲ. ಪೂರ್ಣಾವಧಿ ಸಂಬಳದ ನೌಕರಿಯನ್ನೂ ಮಾಡುವಂತಿಲ್ಲ. ವ್ಯವಹಾರದಲ್ಲಿ ಕೈಹಾಕದೆ ಹಣ ಹೂಡಿದ ಪಾಲುದಾರನಾಗಿರಲು ಮಾತ್ರ ಅವಕಾಶವಿದೆ. ಪದವಿ ಎರಡಾದರೂ ಕುರ್ಚಿ ಒಂದೇ.

ಮೂರನೆಯದು, ಕೆಲಸ ಮಾಡುತ್ತಲೇ ನಾವೂ ಓದಬಹುದೇ ಎಂದು ಹಲವು ತಮ್ಮಂದಿರು ಕೇಳಿದ್ದಾರೆ. ರಾತ್ರಿಶಾಲೆಯಲ್ಲಿ ಓದಿ ಮೇಲೆ ಬಂದ ಪರಂಪರೆ ಮುಂಬಯಿ ಕನ್ನಡಿಗರದು. ಮೊಗವೀರ ವ್ಯವಸ್ಥಾಪಕ ಮಂಡಳಿಯ ರಾತ್ರಿಶಾಲೆ ೧೯೦೮ರಷ್ಟು ಹಳೆಯದು. ಕಾನೂನು ಶಿಕ್ಷಣದ ೨೦೦೮ರ ನಿಯಮಗಳು ಮಾತ್ರ ಬಿಗಿಯಾಗಿವೆ. ತರಗತಿ ಬೆಳಿಗ್ಗೆ ೮ರಿಂದ ಸಂಜೆ ೭ರೊಳಗೆ ನಡೆಯಬೇಕು. ಹಾಜರಿ ನೂರಕ್ಕೆ ೭೦ ಬೇಕು. ಅಂಚೆಯಲ್ಲಿ ಕಾನೂನು ಪದವಿ ಬರುವುದಿಲ್ಲ. ಯಾರಾದರೂ ಕೊಡಿಸುತ್ತೇನೆಂದರೆ ಅವನ ಕೈಗೆ ದುಡ್ಡು ಕೊಡಬೇಡಿ. ಆದರೆ ಬಿ.ಕಾಂ. ಅನ್ನು ಮುಕ್ತ ವಿಶ್ವವಿದ್ಯಾಲಯದಲ್ಲಿ, ನಾಸಿಕದ ಯಶವಂತರಾವ್ ಚವ್ಹಾಣ್ ವಿಶ್ವವಿದ್ಯಾಲಯದಂಥ ಕಡೆ, ಕೆಲಸದ ಜೊತೆಗೇ ಮುಗಿಸಬಹುದು. ಒಂದು ಎಚ್ಚರಿಕೆ ಇರಲಿ: ಹತ್ತನೆಯದನ್ನೂ ಹನ್ನೆರಡನೆಯದನ್ನೂ ಕ್ರಮವಾಗಿ ಪಾಸು ಮಾಡಿಯೇ ಪದವಿಗೆ ಹೋಗಿ. ಅವನ್ನು ಹಾರಿಸಿ ನೇರವಾಗಿ ಪಡೆದ ಪದವಿಯಿಂದ ಕಾನೂನಿಗೆ ಪ್ರವೇಶ ಸಿಗುವುದಿಲ್ಲ. ವಯಸ್ಸಾಯಿತೆಂದು ಹೆದರಬೇಡಿ, ಮೂವತ್ತರ ಮಿತಿ ಹಾಕಿದ್ದ ಸುತ್ತೋಲೆಯನ್ನು ೨೦೧೭ರಲ್ಲಿ ಸುಪ್ರೀಂ ಕೋರ್ಟು ತಡೆಹಿಡಿಯಿತು.

ನಾಲ್ಕನೆಯದು ಹಣ. ಐದು ವರ್ಷದ ಶುಲ್ಕ ಒಂದೊಂದು ಕಾಲೇಜಿಗೆ ಒಂದೊಂದು ಬಗೆ. ಸರ್ಕಾರದ ಸಹಾಯ ಇಲ್ಲದಿಲ್ಲ. ಆರ್ಥಿಕವಾಗಿ ಹಿಂದುಳಿದ ಮತ್ತು ಹಿಂದುಳಿದ ವರ್ಗಗಳ, ವರ್ಷಕ್ಕೆ ೮ ಲಕ್ಷ ರೂಪಾಯಿಯೊಳಗೆ ಆದಾಯವಿರುವ ಮನೆಗಳ ಹೆಣ್ಣುಮಕ್ಕಳಿಗೆ ವೃತ್ತಿ ಶಿಕ್ಷಣದ ಬೋಧನಾ ಶುಲ್ಕ, ಪರೀಕ್ಷಾ ಶುಲ್ಕಗಳನ್ನು ಪೂರ್ತಿ ಭರಿಸುವುದಾಗಿ ಮಹಾರಾಷ್ಟ್ರ ಸರ್ಕಾರ ೨೦೨೪ರಲ್ಲಿ ಆಜ್ಞೆ ಹೊರಡಿಸಿತು. ಆದರೆ ನಮ್ಮವರು ಎಡವುವುದು ಕಾಗದಪತ್ರದಲ್ಲಿ. ಉಡುಪಿಯ ತಹಶೀಲ್ದಾರರು ಕೊಟ್ಟ ಜಾತಿಯ ಪತ್ರ ಠಾಣೆಯಲ್ಲಿ ಸಾಮಾನ್ಯವಾಗಿ ನಡೆಯುವುದಿಲ್ಲ. ಇಲ್ಲಿ ಹದಿನೈದು ವರ್ಷ ವಾಸವಿದ್ದುದಕ್ಕೆ ಪುರಾವೆ ಬೇಕು. ಹೋಟೆಲಿನ ಮಾಳಿಗೆಯಲ್ಲೇ ಮಲಗಿ ಹದಿನೈದು ವರ್ಷ ಕಳೆದವನು ಯಾವ ಪುರಾವೆ ತಂದಾನು? ಆದ್ದರಿಂದ ಮಗು ಎಂಟನೆಯ ತರಗತಿಯಲ್ಲಿರುವಾಗಲೇ ರೇಷನ್ ಕಾರ್ಡು, ಮನೆಯ ಕರಾರುಪತ್ರ, ಶಾಲೆಯ ದಾಖಲೆ, ಆದಾಯದ ಪತ್ರ ಒಂದು ಕಡೆ ಕೂಡಿಡಿ. ಪ್ರವೇಶಕ್ಕೆ ಹನ್ನೆರಡನೆಯದರಲ್ಲಿ ಸಾಮಾನ್ಯ ವರ್ಗದವರಿಗೆ ನೂರಕ್ಕೆ ೪೫, ಪರಿಶಿಷ್ಟರಿಗೆ ೪೦ ಅಂಕ ಬೇಕು. ಮೇಲೆ ರಾಜ್ಯದ ಸಿ.ಇ.ಟಿ. ಪರೀಕ್ಷೆಯಿದೆ. ಓದು ಮುಗಿದ ಮೇಲೆ ಸನ್ನದಿನ ಖರ್ಚಿಗೆ ಹೆದರಬೇಕಾಗಿಲ್ಲ. ೨೦೨೪ರ ಜುಲೈ ೩೦ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ನೋಂದಣಿ ಶುಲ್ಕ ೭೫೦ ರೂಪಾಯಿ, ಪರಿಶಿಷ್ಟರಿಗೆ ೧೨೫ ರೂಪಾಯಿ ಮೀರಕೂಡದೆಂದು ಹೇಳಿದೆ.

ಹಾಗಾದರೆ ನಿಧಿ ಮಾಡಬೇಕಾದುದು ಏನು? ನಮ್ಮ ಸೂಚನೆ ಮೂರು. ಒಂದು, ಸರ್ಕಾರದ ಹಣ ಕೈಗೆ ಬರಲು ತಿಂಗಳುಗಳಾಗುತ್ತವೆ. ಅಲ್ಲಿಯವರೆಗೆ ಬಡ್ಡಿಯಿಲ್ಲದ ಕೈಗಡ ಕೊಡಬೇಕು. ಅದು ತಿರುಗಿ ಬರುವ ಹಣವಾದುದರಿಂದ ಹತ್ತು ಹುಡುಗರ ಪುಸ್ತಕಕ್ಕೆ ಕುತ್ತು ಬರುವುದಿಲ್ಲ. ಎರಡು, ಕನ್ನಡ ಶಾಲೆಯಲ್ಲಿ ಓದಿ ಬಂದ ಮಕ್ಕಳಿಗೆ ಇಂಗ್ಲಿಷು ಗಟ್ಟಿಯಾಗಲು ವಾರಕ್ಕೆ ಎರಡು ದಿನ ಪಾಠದ ಏರ್ಪಾಡಾಗಬೇಕು. ಮೂರು, ನಿಧಿಯ ಸಹಾಯ ಪಡೆದವರು ಓದುವಾಗಲೂ ಓದಿದ ಮೇಲೂ ತಿಂಗಳಿಗೆ ಒಂದು ಭಾನುವಾರ ಇಲ್ಲಿ ಕೂತು ಕೆಲಸಗಾರರ ಕಾಗದಗಳನ್ನು ಓದಿ ಹೇಳಬೇಕು. ಬೇರೆ ಯಾವ ಕಟ್ಟುಪಾಡೂ ಬೇಡ.

ಆ ಹುಡುಗಿಯ ತಂದೆ ಹಿಂದಿನ ಸಾಲಿನಲ್ಲಿ ಕೂತಿದ್ದಾರೆ. 'ಹೆಣ್ಣುಮಗು, ಐದು ವರ್ಷ ಯಾಕೆ, ಒಂದು ಆಫೀಸಿಗೆ ಸೇರಿಸಿಬಿಡಿ' ಎಂದು ನೆಂಟರು ಅವರಿಗೆ ಹೇಳುತ್ತಿದ್ದಾರೆ. ಅಣ್ಣಾ, ನಾವು ಹದಿಮೂರನೆಯ ವಯಸ್ಸಿನಲ್ಲಿ ಮುಂಬಯಿಗೆ ಬಂದು ಮೋರಿಯ ಮುಂದೆ ಕೂತಾಗ ಹೋಟೆಲಿನಲ್ಲಿ ಮಕ್ಕಳು ದುಡಿಯಬಾರದೆಂಬ ಕೇಂದ್ರ ಸರ್ಕಾರದ ಕಟ್ಟಳೆ ಇರಲಿಲ್ಲ. ಅದು ಬಂದದ್ದು ೨೦೦೬ರ ಅಕ್ಟೋಬರ್ ೧೦ರಿಂದ. ಕಾನೂನು ತಡವಾಗಿ ಬಂದರೆ ಒಂದು ತಲೆಮಾರಿನ ಓದು ಹೋಗುತ್ತದೆ. ಸಹಾಯ ತಡವಾಗಿ ಬಂದರೂ ಹಾಗೆಯೇ. ಪ್ರವೇಶದ ದಿನ ನಮಗಾಗಿ ಕಾಯುವುದಿಲ್ಲ.

ಇಂದೇ ಕೈ ಎತ್ತಿ ತೀರ್ಮಾನ ಮಾಡಿ ಎಂದು ಬೇಡಿಕೊಂಡು ನಮ್ಮ ಮಾತು ಮುಗಿಸುತ್ತೇವೆ.